ಒಂದು ಕಾಂಗಾ ಇದೆ, ಇನ್ನೊಂದು ತರಲಾ? ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೊಟ್ಟೆಪಾಡಿಗೆ ಡ್ರಮ್ ಬಾರಿಸುವವನಲ್ಲ. ವಾರವಿಡೀ ಆಫೀಸು, ಶನಿವಾರ ಸಂಜೆ ನಾಲ್ಕು ಜನ ಗೆಳೆಯರ ಜೊತೆ ಗದ್ದಲ. ಕಾಂಗಾ ಅಂದರೆ ಬರಿಗೈಯಲ್ಲಿ ಬಾರಿಸುವ, ಒಂದೇ ಕಡೆ ಚರ್ಮ ಇರುವ ಎತ್ತರದ ಡ್ರಮ್. ಒಂದು ಕಾಂಗಾದಿಂದ ಶುರುಮಾಡಿ ಈಗ ಮೂರಕ್ಕೆ ಬಂದು ನಿಂತಿದ್ದೇನೆ. ಮಧ್ಯೆ ಒಂದು ತಪ್ಪು ಡ್ರಮ್ ಕೊಂಡೆ, ಒಂದು ಚರ್ಮ ಹರಿದುಕೊಂಡೆ, ಮೆಟ್ಟಿಲ ಮೇಲೆ ಡ್ರಮ್ ಹೊತ್ತು ಸೊಂಟ ಹಿಡಿಸಿಕೊಂಡೆ. ಹೊಸಬರು ಸಿಕ್ಕಾಗಲೆಲ್ಲ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು.

ಕಾಂಗಾ, ಕಾಂಗೋ, ತುಂಬಾ, ಕ್ವಿಂಟೊ: ಎಲ್ಲಾ ಒಂದೇನಾ?

ಕುಟುಂಬ ಒಂದೇ, ಅಳತೆ ಬೇರೆ. ವಾದ್ಯ ಕ್ಯೂಬಾದ್ದು. ಅಲ್ಲಿ ಇದನ್ನು ತುಂಬಡೋರಾ ಅನ್ನುತ್ತಾರೆ. ಅಲ್ಲಿನ ಹಾಡು ಕುಣಿತವಾದ ರುಂಬಾದಲ್ಲಿ ಮೂರು ಡ್ರಮ್, ಮೂವರು ವಾದಕರು. ಚಿಕ್ಕದು ಕ್ವಿಂಟೊ, ಏರುದನಿಯದು, ಕುಣಿಯುವವರ ಹೆಜ್ಜೆಗೆ ಉತ್ತರ ಕೊಡುತ್ತಾ ಹೋಗುತ್ತದೆ. ಮಧ್ಯದ್ದು ತ್ರೆಸ್ ದೋಸ್. ದೊಡ್ಡದು ತುಂಬಾ, ಸಾಲಿದೋರ್ ಅಂತಲೂ ಹೆಸರಿದೆ. ಅಂಗಡಿಯಲ್ಲಿ ಮಧ್ಯದ್ದನ್ನೇ ‘ಕಾಂಗಾ’ ಅಂತ ಮಾರುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿಂದ. ನಮ್ಮ ಆರ್ಕೆಸ್ಟ್ರಾದವರ ಬಾಯಲ್ಲಿ ಎಲ್ಲವೂ ‘ಕಾಂಗೋ’. ಇನ್ನು ಅಂಗಡಿಗೆ ಫೋನ್ ಮಾಡಿ ‘ತುಂಬಾ ಬೇಕಿತ್ತು’ ಅಂದರೆ ‘ಎಷ್ಟು ಬೇಕು ಸಾರ್?’ ಅಂತಾರೆ.

ಆದ್ದರಿಂದ ಹೆಸರು ನಂಬಬೇಡಿ, ಟೇಪು ಹಿಡಿಯಿರಿ. ಚರ್ಮದ ಅಗಲ ಸಾಮಾನ್ಯವಾಗಿ ಕ್ವಿಂಟೊಗೆ 11 ಇಂಚು, ಕಾಂಗಾಗೆ 11¾, ತುಂಬಾಗೆ 12½. ಕ್ವಿಂಟೊಗಿಂತ ಚಿಕ್ಕದು ರೆಕ್ವಿಂಟೊ, 9¾ ಇಂಚಿನ ಆಸುಪಾಸು. ಎಲ್ಲಕ್ಕಿಂತ ದೊಡ್ಡದು ಸೂಪರ್ ತುಂಬಾ, 14 ಇಂಚು. ಒಂದು ಕಂಪನಿಯ ಕ್ವಿಂಟೊ ಇನ್ನೊಂದು ಕಂಪನಿಯ ಕಾಂಗಾದಷ್ಟೇ ಅಗಲ ಇರುವುದೂ ಉಂಟು.

ಎರಡನೆಯದು ಯಾವಾಗ ತರಬೇಕು?

ಮೊದಲನೆಯದು ಬೇಸರ ಬಂದಾಗ ಅಲ್ಲ. ಕೈಗೆ ಅದು ಸಾಲದೆ ಬಂದಾಗ.

ಒಂದು ಪರೀಕ್ಷೆ ಮಾಡಿ. ಫೋನಿನಲ್ಲಿ ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಅನ್ನುವ ಆಪ್) ಹಾಕಿ ತುಂಬಾವೊ ಬಾರಿಸಿ. ತುಂಬಾವೊ ಅಂದರೆ ಎಲ್ಲರೂ ಮೊದಲು ಕಲಿಯುವ ಎಂಟು ಪೆಟ್ಟಿನ ನಡೆ: ಅಂಗೈ ಬುಡ, ಬೆರಳು ತುದಿ, ಸ್ಲ್ಯಾಪ್, ಬೆರಳು ತುದಿ, ಅಂಗೈ ಬುಡ, ಬೆರಳು ತುದಿ, ಓಪನ್, ಓಪನ್. ಸ್ಲ್ಯಾಪ್ ಅಂದರೆ ಚಟ್ ಅನ್ನುವ ಚೂಪು ಪೆಟ್ಟು, ಓಪನ್ ಅಂದರೆ ಕೈ ಕೂಡಲೇ ಎತ್ತಿ ದನಿ ಮೊಳಗಲು ಬಿಡುವ ಪೆಟ್ಟು. ಐದು ನಿಮಿಷ ನಿಲ್ಲಿಸದೆ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಕೊನೆಯ ಎರಡು ಓಪನ್ ಪೆಟ್ಟು ಒಂದೇ ತೂಕದಲ್ಲಿ ಇವೆಯಾ? ಸ್ಲ್ಯಾಪ್ ಯಾವುದು, ಓಪನ್ ಯಾವುದು ಅಂತ ಕಣ್ಣುಮುಚ್ಚಿ ಹೇಳಬಹುದಾ? ನಾಲ್ಕನೇ ನಿಮಿಷಕ್ಕೆ ಎಡಗೈ ಸೊರಗುತ್ತದಾ? ಇಲ್ಲಿ ಎಡವುತ್ತಿದ್ದರೆ ಎರಡನೇ ಡ್ರಮ್ ಬಂದಮೇಲೆ ಅದೇ ತಪ್ಪು ಎರಡು ಕಡೆ ಕೇಳುತ್ತದೆ, ಅಷ್ಟೆ.

ಒಂದೇ ಡ್ರಮ್ ಇರುವುದು ಕಲಿಯುವವರ ಲಕ್ಷಣ ಅಂದುಕೊಳ್ಳಬೇಡಿ. 1940ರ ಹೊತ್ತಿಗೆ ಕ್ಯೂಬಾದ ಸಂಗೀತಗಾರ ಅರ್ಸೇನಿಯೊ ರೊದ್ರಿಗೆಸ್ ತಮ್ಮ ಕಾನ್‌ಹುಂತೊ (ನೃತ್ಯಸಂಗೀತದ ವಾದ್ಯಮೇಳ) ತಂಡಕ್ಕೆ ಕಾಂಗಾ ಸೇರಿಸಿಕೊಂಡಾಗ ಇದ್ದದ್ದು ಒಂದೇ. ಅದೊಂದರ ಮೇಲೇ ಇಡೀ ತಂಡ ಕುಣಿಯಿತು.

ಸರಿ, ಕೈ ರೆಡಿ. ಎರಡನೆಯದು ಚಿಕ್ಕದೋ ದೊಡ್ಡದೋ?

ದೊಡ್ಡದು. ನಿಮ್ಮ ಬಳಿ 11 ಅಥವಾ 11¾ ಇಂಚಿನದು ಇದ್ದರೆ ಕಣ್ಣುಮುಚ್ಚಿ 12½ರ ತುಂಬಾ ತನ್ನಿ.

ಬಹಳ ಜನ ಕ್ವಿಂಟೊ ಕಡೆ ವಾಲುತ್ತಾರೆ. ಸೋಲೊ ವಿಡಿಯೊಗಳಲ್ಲಿ ಮಿಂಚುವುದು ಅದೇ ಅಲ್ವಾ. ಆದರೆ ಹಾಡಿನ ಜೊತೆ ಬಾರಿಸುವಾಗ ನಿಮ್ಮ ಕೈಯಲ್ಲಿ ಇಲ್ಲದಿರುವುದು ಕೆಳಗಿನ ದನಿ. ಎರಡು ಡ್ರಮ್ಮಿನ ತುಂಬಾವೊದಲ್ಲಿ ಎರಡನೇ ಸುತ್ತಿನಲ್ಲಿ ಬಲಗೈ ಒಂದೆರಡು ಪೆಟ್ಟಿಗಾಗಿ ತುಂಬಾ ಮೇಲೆ ಹೋಗಿ ಬರುತ್ತದೆ. ಅಷ್ಟರಲ್ಲೇ ಒಂದೇ ಸಾಲು ಹೇಳುತ್ತಿದ್ದ ನಡೆ ಪ್ರಶ್ನೆ ಉತ್ತರ ಆಗಿಬಿಡುತ್ತದೆ. ಬಾಸ್ ಗಿಟಾರ್ ಬಾರಿಸುವ ಗೆಳೆಯ ಮೊದಲ ಸಲ ತಲೆ ಎತ್ತಿ ನೋಡುವುದೂ ಆಗಲೇ.

ಒಂದು ಎಚ್ಚರಿಕೆ. ಕಡಿಮೆ ಬೆಲೆಯ ಜೋಡಿ ಸೆಟ್‌ಗಳು 10 ಮತ್ತು 11 ಇಂಚಿನಲ್ಲಿ ಬರುತ್ತವೆ. ಪೆಟ್ಟಿಗೆ ಮೇಲೆ ಕ್ವಿಂಟೊ, ಕಾಂಗಾ ಅಂತಲೇ ಬರೆದಿರುತ್ತದೆ. ನಾನು ಕೊಂಡ ತಪ್ಪು ಡ್ರಮ್ಮೂ ಇಂಥದ್ದೇ: ಮನೆಯಲ್ಲಿ 11 ಇಂಚಿನದು ಇದ್ದಾಗ, ಅಗ್ಗಕ್ಕೆ ಸಿಕ್ಕಿತು ಅಂತ 10 ಇಂಚಿನದು ತಂದೆ. ಎರಡರ ದನಿಯೂ ಅಕ್ಕಪಕ್ಕದ ಮನೆ. ದೂರ ಮಾಡಲು ಹೋದರೆ ಒಂದು ಕಿರುಚುತ್ತದೆ, ಇನ್ನೊಂದು ಸತ್ತಂತೆ ಜೋಲುತ್ತದೆ. ಆರು ತಿಂಗಳು ಅದರ ಮೇಲೆ ಒಗೆದ ಬಟ್ಟೆ ಕೂತಿತ್ತು. ನಿಮ್ಮ ಹತ್ತಿರ ಈಗಾಗಲೇ ಈ ಜೋಡಿ ಇದ್ದರೆ ಮಾರಬೇಕಿಲ್ಲ. 11ನ್ನೇ ಕ್ವಿಂಟೊ ಅಂದುಕೊಳ್ಳಿ, ಕೆಳಗೆ 12½ ಸೇರಿಸಿ.

ಶ್ರುತಿ ಮಾಡುವುದು ಹೇಗೆ? ಯಾವ ಸ್ವರಕ್ಕೆ?

ಹಣ ಖರ್ಚಿಲ್ಲದೆ ಸೆಟ್ಟು ದೊಡ್ಡದಾಗುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಎರಡು ಡ್ರಮ್ಮಿಗೆ ಎಲ್ಲರೂ ಹೇಳಿಕೊಡುವ ಲೆಕ್ಕ: ತುಂಬಾ ಜಿ, ಕಾಂಗಾ ಸಿ. ನಮ್ಮ ಕಿವಿಗೆ ಹೇಳುವುದಾದರೆ ಕಾಂಗಾ ಸ, ತುಂಬಾ ಅದರ ಕೆಳಗಿನ ಪ. ಮೂರನೆಯದಾಗಿ ಕ್ವಿಂಟೊ ಬಂದರೆ ಅದನ್ನು ಇ ಸ್ವರಕ್ಕೆ, ಅಂದರೆ ಅಂತರ ಗಾಂಧಾರಕ್ಕೆ ಇಡಿ. ಪ, ಸ, ಗ. ಸಂಗೀತ ಪಾಠಕ್ಕೆ ನಾಲ್ಕು ದಿನ ಹೋದವರಿಗೂ ಬಾಯಲ್ಲಿ ಬರುವ ಸ್ವರಗಳು. ಫೋನಿನಲ್ಲಿ ಶ್ರುತಿ ಪೆಟ್ಟಿಗೆಯ ಆಪ್ ಹಾಕಿ ಸಿ ಶ್ರುತಿ ಬಿಟ್ಟುಕೊಂಡರೆ ಟ್ಯೂನರ್ ಬೇಕಾಗಿಲ್ಲ. ಡ್ರಮ್ಮಿನ ದನಿಯಲ್ಲಿ ಬೇರೆ ಬೇರೆ ಸ್ವರಗಳು ಕಲಸಿಕೊಂಡಿರುವುದರಿಂದ ಟ್ಯೂನರ್ ಮುಳ್ಳು ಎಷ್ಟೋ ಸಲ ದಿಕ್ಕು ತಪ್ಪುತ್ತದೆ. ಕಿವಿಯೇ ವಾಸಿ.

ಚರ್ಮ ದಪ್ಪ ಇದ್ದು ಅಷ್ಟು ಬಿಗಿ ಬರದಿದ್ದರೆ ಎಲ್ಲವನ್ನೂ ಒಂದೊಂದು ಸ್ವರ ಇಳಿಸಿ. ಜಿ, ಸಿ ಮುಖ್ಯ ಅಲ್ಲ. ನಡುವಿನ ಅಂತರ ಮುಖ್ಯ.

ಈಗ ಕೈಕೆಲಸ. ಹೋದ ಶನಿವಾರದ್ದೇ ಹೇಳುತ್ತೇನೆ. ತುಂಬಾಗೆ ಆರು ನಟ್ಟು. ಚರ್ಮದ ಅಂಚಿನಿಂದ ಒಂದು ಇಂಚು ಒಳಗೆ, ಪ್ರತಿ ನಟ್ಟಿನ ಎದುರು ಒಂದೇ ಬೆರಳಲ್ಲಿ ತಟ್ಟಿದೆ. ನಾಲ್ಕು ಕಡೆ ‘ಡೂಂ’ ಅಂದಿತು. ಒಂದು ಕಡೆ ‘ಡಂಗ್’. ಅದರ ಪಕ್ಕದಲ್ಲಿ ‘ಡುಬ್’, ತೇವದ ಗೋಡೆ ತಟ್ಟಿದ ಹಾಗೆ. ಯಾರಿಗಾದರೂ ಮೊದಲು ಅನ್ನಿಸುವುದು ಡುಬ್ ಅನ್ನುವುದನ್ನು ಬಿಗಿ ಮಾಡೋಣ ಅಂತ. ನಾನು ಹಾಗೆ ಮಾಡದೆ ಪಾನಾ ಹಾಕಿ ‘ಡಂಗ್’ ಅನ್ನುವ ಕಡೆ ಕಾಲು ಸುತ್ತು ಸಡಿಲ ಮಾಡಿದೆ. ಅಂಗೈಯಿಂದ ಚರ್ಮದ ನಡುಮಧ್ಯೆ ಒಮ್ಮೆ ಒತ್ತಿದೆ. ‘ಕಟಕ್’ ಅಂತ ಒಳಗೆ ಎಲ್ಲೋ ಹಿಡಿದಿದ್ದ ಬಿಗಿ ಬಿಟ್ಟುಕೊಂಡಿತು. ಮತ್ತೆ ತಟ್ಟಿದರೆ ಪಕ್ಕದ ಡುಬ್ ಕೂಡ ಡೂಂ ಆಗಿತ್ತು. ಆಮೇಲೆ ಆರನ್ನೂ ಸುತ್ತು ಹೊಡೆಯುತ್ತಾ ಕಾಲು ಕಾಲು ಸುತ್ತು ಏರಿಸಿದೆ. ಒಂದೇ ನಟ್ಟನ್ನು ಒಂದೇ ಸಲ ಪೂರ್ತಿ ತಿರುಗಿಸಬೇಡಿ. ಕಬ್ಬಿಣದ ಬಳೆ ಓರೆಯಾಗುತ್ತದೆ, ಒಮ್ಮೆ ಓರೆಯಾದದ್ದು ಮತ್ತೆ ನೆಟ್ಟಗಾಗುವುದು ಕಷ್ಟ. ಬಳೆ ಎಲ್ಲ ಕಡೆ ಒಂದೇ ಎತ್ತರದಲ್ಲಿ ಇದೆಯಾ ಅಂತ ಬೆರಳಿಟ್ಟು ನೋಡುತ್ತಿರಿ.

ನಟ್ಟಿನ ಮರೆಗೆ, ಅಂದರೆ ಅದು ತಿರುಗುವ ಸುರುಳಿ ಗೆರೆಗೆ, ವರ್ಷಕ್ಕೊಮ್ಮೆ ಒಂದು ಚೂರು ಗ್ರೀಸ್. ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗಿ ಧೂಳು ಹಿಡಿಯುತ್ತದೆ.

ಹಿಂದೆಲ್ಲ ಒಬ್ಬರಿಗೆ ಒಂದೇ ಡ್ರಮ್ ಇತ್ತಂತೆ. ಸಾಲಾಗಿ ಇಟ್ಟುಕೊಳ್ಳುವುದು ಹೇಗೆ ಬಂತು?

ಮೊದಲು ಚರ್ಮವನ್ನು ಮರಕ್ಕೆ ಮೊಳೆ ಹೊಡೆದು ಕೂರಿಸುತ್ತಿದ್ದರು. ದನಿ ಏರಿಸಬೇಕು ಅಂದರೆ ಬೆಂಕಿ ಕಾಯಿಸುವುದೊಂದೇ ದಾರಿ. ನಮ್ಮ ತಮಟೆಯವರು ಮೆರವಣಿಗೆಗೆ ಮೊದಲು ಹುಲ್ಲು, ಕಾಗದ ಉರಿಸಿ ಕಾಯಿಸುವುದನ್ನು ನೋಡಿರುತ್ತೀರಿ, ಅದೇ ಕತೆ. ಕಾಯಿಸಿದ ದನಿ ಸ್ವಲ್ಪ ಹೊತ್ತಿಗೆ ಇಳಿದುಬಿಡುತ್ತದೆ. ಇಂಥ ಮೂರು ಡ್ರಮ್ಮನ್ನು ಮೂರು ಸ್ವರಕ್ಕೆ ಹಿಡಿದಿಡುವುದು ಹೇಗೆ?

ನಟ್ಟು ತಿರುಗಿಸಿ ಬಿಗಿ ಮಾಡುವ ವ್ಯವಸ್ಥೆ ಬಂದಮೇಲೆ ಆಟ ಬದಲಾಯಿತು. ಅದನ್ನು ರೂಪಿಸಿದವರ ಮಾತು ಬಂದರೆ ಕ್ಯೂಬಾದ ಕಾಂಗಾ ವಾದಕ ಕಾರ್ಲೋಸ್ ವಾಲ್ದೆಸ್ ಹೆಸರು ಮೊದಲು ಬರುತ್ತದೆ. ಎಲ್ಲರ ಬಾಯಲ್ಲೂ ಅವರು ‘ಪತಾತೊ’. ಹವಾನಾದಿಂದ ಅಮೆರಿಕಕ್ಕೆ ಹೋದ ಕಾಂದಿದೊ ಕಮೇರೊ ಒಬ್ಬರೇ ಕೂತು ಮೂರು ಕಾಂಗಾಗಳನ್ನು ಬೇರೆ ಬೇರೆ ಸ್ವರಕ್ಕಿಟ್ಟು ರಾಗವನ್ನೇ ಬಾರಿಸಿ ತೋರಿಸಿದವರಲ್ಲಿ ಮೊದಲಿಗರು. 2020ರಲ್ಲಿ 99ನೇ ವಯಸ್ಸಿಗೆ ತೀರಿಕೊಂಡರು. ಮುಂದೆ ಪೋರ್ಟೊ ರಿಕೊದ ಜೊವಾನಿ ಹಿಡಾಲ್ಗೊ ಆ ದಾರಿಯನ್ನು ಇನ್ನೆಲ್ಲಿಗೋ ಒಯ್ದರು. ಅವರ ಐದು ಕಾಂಗಾ ನೋಡಿ ಹಣ ಎಣಿಸಲು ಕೂರುವ ಹವ್ಯಾಸಿಗಳು ಜಾಸ್ತಿ. ಮೊದಲು ಅವರ ಎಡಗೈ ನೋಡಿ.

ಮೂರನೆಯದು ಬೇಕಾ?

ನಿಜ ಹೇಳಬೇಕೆಂದರೆ, ಎರಡನೆಯದು ತಂದ ವ್ಯತ್ಯಾಸದ ಕಾಲು ಭಾಗವೂ ಮೂರನೆಯದು ತರಲಿಲ್ಲ. ನನಗೆ ಇಷ್ಟ, ಇಟ್ಟುಕೊಂಡಿದ್ದೇನೆ. ಆದರೆ ಹತ್ತರಲ್ಲಿ ಎಂಟು ಹಾಡಿಗೆ ಅದು ಸುಮ್ನೆ ನೋಡುತ್ತಾ ಕೂತಿರುತ್ತದೆ.

ನೀವು ಸೋಲೊ ಬಾರಿಸುವವರಾಗಿದ್ದರೆ ಅಥವಾ ಸೊಂಗೊ ಥರದ ಕ್ಯೂಬಾ ನಡೆಗಳ ಹುಚ್ಚು ಹಿಡಿದಿದ್ದರೆ ತನ್ನಿ. ಡ್ರಮ್ ಹೆಚ್ಚಿದಷ್ಟೂ ಶ್ರುತಿ ಮಾಡುವ ಹೊತ್ತು, ಹೊರುವ ಭಾರ, ಹರಿಯುವ ಚರ್ಮ ಎಲ್ಲವೂ ಹೆಚ್ಚುತ್ತವೆ. ಮರದ ಒಂದೊಂದು ಕಾಂಗಾ ಹತ್ತು ಕಿಲೋ ಮೇಲೆಯೇ ತೂಗುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಮನೆ ಇದ್ದರೆ ಈ ಪ್ರಶ್ನೆಗೆ ಉತ್ತರ ನಿಮಗೇ ಸಿಗುತ್ತದೆ.

ಮರದ್ದೋ, ಫೈಬರ್ ಗ್ಲಾಸ್‌ದೋ? ಎರಡೂ ಬೆರೆಸಬಹುದಾ?

ಮರದ ದನಿ ಬೆಚ್ಚಗೆ, ದುಂಡಗೆ. ಫೈಬರ್ ಜೋರು, ಚೂಪು. ತೆರೆದ ಬಯಲಲ್ಲಿ, ಗಿಟಾರ್ ಆಂಪ್‌ಗಳ ನಡುವೆ ಫೈಬರ್ ಗೆಲ್ಲುತ್ತದೆ. ಮಳೆ, ಬಿಸಿಲಿಗೂ ಅದು ಅಲುಗುವುದಿಲ್ಲ. ಮನೆಯ ಕೋಣೆಯಲ್ಲಿ ನನಗೆ ಮರವೇ ಹಿತ.

ಬೆರೆಸಿದರೆ ಆಕಾಶವೇನೂ ಬೀಳಲ್ಲ. ಆದರೆ ಒಂದೇ ಮಾತಿನ ಅರ್ಧವನ್ನು ಒಬ್ಬರು, ಇನ್ನರ್ಧವನ್ನು ಇನ್ನೊಬ್ಬರು ಹೇಳಿದ ಹಾಗಿರುತ್ತದೆ. ಬೆರೆಸುವುದೇ ಆದರೆ ಎತ್ತರ ಒಂದೇ ಇರಲಿ. 28 ಇಂಚಿನದೂ ಇದೆ, 30 ಇಂಚಿನದೂ ಇದೆ. ಕೂತು ಬಾರಿಸುವಾಗ ಎರಡು ಇಂಚಿನ ಮೆಟ್ಟಿಲು ಮಣಿಕಟ್ಟಿಗೆ ಹೊಡೆತ.

‘ಸಯಾಮ್ ಓಕ್’ ಅಂತ ಬರೆದದ್ದು ನೋಡಿ ಓಕ್ ಮರ ಅಂದುಕೊಳ್ಳಬೇಡಿ. ಅದು ಹೆಚ್ಚಾಗಿ ಥಾಯ್ಲೆಂಡಿನ ರಬ್ಬರ್ ಮರ. ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಹಾಲು ಇಳಿಸುವ ಅದೇ ಮರ. ಕೀಳು ಅಂತಲ್ಲ, ಒಳ್ಳೆಯ ಡ್ರಮ್‌ಗಳು ಅದರಲ್ಲೇ ಆಗುತ್ತವೆ.

ಮಳೆಗಾಲದಲ್ಲಿ ಚರ್ಮ ಜೋಲುತ್ತದೆ. ಪ್ಲಾಸ್ಟಿಕ್ ಹಾಕಿಸಲಾ?

ಹಸಿ ಚರ್ಮ ತೇವ ಕುಡಿದು ಸಡಿಲವಾಗುತ್ತದೆ, ಒಣಗಿದಾಗ ಬಿಗಿಯುತ್ತದೆ. ಮಂಗಳೂರಿನ ಜುಲೈಯಲ್ಲಿ ಎಮ್ಮೆ ಚರ್ಮದ ಕ್ವಿಂಟೊ ಏರಿಸುವುದು ದಿನಾ ಹಿಡಿಯುವ ಕೆಲಸ. ಅಂಥ ಕಡೆ ಕ್ವಿಂಟೊಗಾದರೂ ಸಿಂಥೆಟಿಕ್ ಹಾಕಿಸಿ. ಸ್ವರ ನಿಲ್ಲುತ್ತದೆ. ಕೈಗೆ ಸ್ವಲ್ಪ ಗಟ್ಟಿ, ದನಿಯಲ್ಲಿ ಸ್ವಲ್ಪ ಲೋಹದ ಝಣ ಇರುತ್ತದೆ. ತುಂಬಾಗೆ ನಾನು ಚರ್ಮವನ್ನೇ ಉಳಿಸಿಕೊಂಡಿದ್ದೇನೆ. ಅದಕ್ಕೆ ಹೇಗೂ ಬಿಗಿ ಕಡಿಮೆ ಸಾಕು.

ಮಳೆಗಿಂತ ಬಿಸಿಲು ಅಪಾಯ. ಒಂದು ಏಪ್ರಿಲ್‌ನಲ್ಲಿ ಗೆಳೆಯನ ಮಗಳ ಆರತಕ್ಷತೆಗೆ ಬಾರಿಸಲು ಹೋಗಿದ್ದೆ. ಮನೆಯಲ್ಲೇ ಕ್ವಿಂಟೊ ಏರಿಸಿಟ್ಟು, ಕಾರಿನ ಹಿಂದಿನ ಸೀಟಿಗೆ ಹಾಕಿ, ಊಟಕ್ಕೆ ಹೋದೆ. ಮುಚ್ಚಿದ ಕಾರು, ನೆತ್ತಿ ಸುಡುವ ಬಿಸಿಲು. ಬಂದು ಬಾಗಿಲು ತೆಗೆದರೆ ಬಳೆಯ ಪಕ್ಕ ನಾಲ್ಕು ಬೆರಳು ಉದ್ದ ಸೀಳಿತ್ತು. ಅಂದಿನಿಂದ ಬಾರಿಸಿ ಮುಗಿದ ಕೂಡಲೇ ಎಲ್ಲ ನಟ್ಟನ್ನೂ ಒಂದೊಂದು ಸುತ್ತು ಇಳಿಸುತ್ತೇನೆ, ಮುಖ್ಯವಾಗಿ ಕ್ವಿಂಟೊದ್ದು. ಎಷ್ಟು ಇಳಿಸಿದೆ ಅನ್ನುವುದು ನೆನಪಿದ್ದರೆ ಮುಂದಿನ ವಾರ ಅಷ್ಟೇ ಏರಿಸಿದರೆ ಆಯಿತು.

ಹೊಸ ಚರ್ಮ ತರಿಸುವಾಗ ಇಂಚು ಮಾತ್ರ ಹೇಳಿದರೆ ಸಾಲದು. ಬಳೆಯ ಆಕಾರವೂ ಕಂಪನಿಯಿಂದ ಕಂಪನಿಗೆ ಬೇರೆ. ಡ್ರಮ್ಮಿನ ಮಾದರಿ ಹೆಸರು ಕೊಟ್ಟೇ ತರಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನು ನೋಡಬೇಕು?

ಮಲಗಿಸಿ, ತಳದ ತೂತಿನೊಳಗೆ ಫೋನಿನ ಟಾರ್ಚ್ ಬಿಡಿ. ಹಲಗೆಗಳ ಸಂದಿಯಲ್ಲಿ ಬೆಳಕು ಹೊರಗೆ ಸೋರಿದರೆ ಬಿಟ್ಟುಬಿಡಿ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಮರಕ್ಕೆ ಹುಳ ಹಿಡಿದಿದೆ. ಅದನ್ನು ಮನೆಯೊಳಗೂ ತರಬೇಡಿ, ಮಂಚಕ್ಕೂ ಬರುತ್ತದೆ. ಪ್ರತಿ ನಟ್ಟನ್ನೂ ತಿರುಗಿಸಿ ನೋಡಿ, ಮರೆ ಸವೆದದ್ದು ಗೊತ್ತಾಗುತ್ತದೆ. ಕೊಕ್ಕೆ ಕೂರಿಸಿದ ತಗಡು ಮರದಿಂದ ಎದ್ದು ಬರುತ್ತಿದೆಯಾ ನೋಡಿ. ಚರ್ಮ ಹಳತಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬದಲಾಯಿಸಬಹುದು. ಬೆಲೆ ಇಳಿಸಲು ಒಳ್ಳೆಯ ನೆಪ.

ಎಲ್ಲಿ ಯಾವುದನ್ನು ಇಡಬೇಕು?

ಬಲಗೈಯವರಿಗೆ: ಕಾಂಗಾ ಮೊಣಕಾಲುಗಳ ನಡುವೆ, ತುಂಬಾ ಬಲಕ್ಕೆ, ಕ್ವಿಂಟೊ ಬಂದರೆ ಎಡಕ್ಕೆ. ಎಡಗೈಯವರು ತಿರುಗಿಸಿಕೊಳ್ಳಿ. ಅಂಚುಗಳು ಹೆಚ್ಚುಕಮ್ಮಿ ತಾಗುವಷ್ಟು ಹತ್ತಿರ ಇರಲಿ. ಕೂತು ಬಾರಿಸುವಾಗ ಕಾಂಗಾವನ್ನು ಸ್ವಲ್ಪ ಮುಂದಕ್ಕೆ ವಾಲಿಸಿ. ತಳದ ತೂತು ನೆಲಕ್ಕೆ ಮುಚ್ಚಿಕೊಂಡಿದ್ದರೆ ಕೆಳದನಿ ಹೊರಗೆ ಬರುವುದೇ ಇಲ್ಲ. ಎರಡನೆಯದನ್ನು ವಾಲಿಸಿ ಹಿಡಿಯಲು ಮೂರನೇ ಕಾಲಿಲ್ಲವಲ್ಲ, ಅದಕ್ಕೆ ಬುಟ್ಟಿಯಂಥ ಸ್ಟ್ಯಾಂಡ್ ಬೇಕು. ಡ್ರಮ್ಮಿಗೆ ಇಷ್ಟು ಹಣ ಅಂತ ಎತ್ತಿಡುವಾಗ ಸ್ಟ್ಯಾಂಡನ್ನೂ ಸೇರಿಸಿಯೇ ಲೆಕ್ಕ ಹಾಕಿ. ತುರ್ತಿಗೆ ಎರಡು ಇಟ್ಟಿಗೆಗೆ ಗೋಣಿ ಸುತ್ತಿ ಮೇಲಿಟ್ಟರೂ ನಡೆಯುತ್ತದೆ, ನಾನು ಒಂದು ವರ್ಷ ಹಾಗೇ ನಡೆಸಿದೆ.

ತಬಲಾ ಅಥವಾ ಮೃದಂಗ ಕಲಿತವರಿಗೆ ಇದು ಸುಲಭವಾ?

ಲೆಕ್ಕ ಸುಲಭ, ಕೈ ಕಷ್ಟ. ಮೃದಂಗದ ಬಲಗಡೆ ಕರಣೆ (ಕಪ್ಪು ಲೇಪ) ಇದೆ, ತಬಲಾಗೂ ಅಂಥದ್ದೇ ಇದೆ. ಸ್ವರ ಅಲ್ಲಿ ಕೂತಿರುತ್ತದೆ, ಬೆರಳು ಹೋಗಿ ಎಬ್ಬಿಸುತ್ತದೆ. ಕಾಂಗಾದ ಚರ್ಮ ಬರಿಮೈ. ಓಪನ್, ಸ್ಲ್ಯಾಪ್, ಬಾಸ್ (ಆಳದ ದನಿಯ ಪೆಟ್ಟು) ಎಲ್ಲವೂ ಅಂಗೈ ಎಲ್ಲಿ ಬಿತ್ತು, ಎಷ್ಟು ಬೇಗ ಎದ್ದಿತು ಅನ್ನುವುದರಿಂದಲೇ ಬರಬೇಕು. ಮೃದಂಗದವರು ಬಂದು ಬೆರಳಲ್ಲೇ ಎಲ್ಲ ಮುಗಿಸಲು ನೋಡುತ್ತಾರೆ. ತೋಳಿನ ತೂಕ ಬೀಳಿಸಲು ಅವರಿಗೆ ಕೆಲವು ವಾರ ಬೇಕು. ಆಮೇಲೆ ಅವರನ್ನು ಹಿಡಿಯುವವರಿಲ್ಲ.

ಕೈ ನೋಯುತ್ತದೆ, ಬೆರಳು ಬಿರಿಯುತ್ತದೆ. ಮಾಮೂಲಾ?

ಮೊದಲ ತಿಂಗಳು ಉರಿ ಮಾಮೂಲು. ಉಂಗುರ ತೆಗೆದಿಡಿ. ಕೀಲು ನೋವು ಮಾಮೂಲಲ್ಲ, ಸ್ಲ್ಯಾಪ್‌ಗೆ ಬಲ ಹಾಕುತ್ತಿದ್ದೀರಿ ಅಂತ ಅರ್ಥ. ಗಂಟೆಗಟ್ಟಲೆ ಜೋರಾಗಿ ಬಾರಿಸಿದವರಿಗೆ ಮೂತ್ರ ಕೆಂಪಗೆ, ಕಂದು ಬಣ್ಣಕ್ಕೆ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಪೆಟ್ಟಿನ ಹೊಡೆತಕ್ಕೆ ಕೈಯಲ್ಲಿ ರಕ್ತಕಣಗಳು ಒಡೆಯುವುದರಿಂದ ಹಾಗಾಗುತ್ತದೆ. ಕಂಡರೆ ಅಂದೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಡ್ರಮ್ ಬದಲು ಬೇರೇನಾದರೂ ಸೇರಿಸಬಹುದಾ?

ಎರಡು ಕಾಂಗಾ ಆದಮೇಲೆ ನನ್ನ ಸಲಹೆ ಒಂದು ಜೊತೆ ಕ್ಲಾವೆ. ಎರಡು ಮರದ ಕೋಲು, ಅಷ್ಟೇ. ಅದರ ಐದು ಪೆಟ್ಟು ತಲೆಯಲ್ಲಿ ಕೂರದಿದ್ದರೆ ಎರಡು ಡ್ರಮ್ಮಿನ ನಡೆ ಎಲ್ಲಿ ತಿರುಗಬೇಕು ಅನ್ನುವುದೇ ತಿಳಿಯಲ್ಲ. ಆಮೇಲೆ ಶೇಕರ್, ಗಂಟೆ. ಬೊಂಗೊ, ಅಂದರೆ ಜೋಡಿ ಪುಟ್ಟ ಡ್ರಮ್, ಚಿಕ್ಕದಾಗಿ ಕಾಣುತ್ತದೆ, ಆದರೆ ಅದು ಬೇರೆಯೇ ವಾದ್ಯ, ಬೇರೆಯೇ ಕೈ. ಸಾಲ್ಸಾ ತಂಡಗಳಲ್ಲಿ ಅದಕ್ಕೆ ಬೇರೆಯೇ ಆಳು ಇರುವುದು ಸುಮ್ನೆ ಅಲ್ಲ.

ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಬೈಯುತ್ತಾರೆ. ಏನು ಮಾಡಲಿ?

ಗೋಡೆಗಿಂತ ನೆಲದ ಮೂಲಕ ಹೋಗುವ ದನಿಯೇ ಜಾಸ್ತಿ ಕಾಡುವುದು. ಸ್ಟ್ಯಾಂಡಿನ ಅಡಿಗೆ ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಹಳೇ ಜಮಖಾನ ಹಾಕಿ. ಚರ್ಮದ ಮೇಲೆ ಟರ್ಕಿ ಟವೆಲ್ ಹಾಸಿ ಅಭ್ಯಾಸ ಮಾಡಿದರೆ ಸ್ಲ್ಯಾಪ್ ಕೇಳುವುದಿಲ್ಲ, ಆದರೆ ಕೈ ಸರಿಯಾದ ಜಾಗಕ್ಕೆ ಬೀಳುವುದು ಕಲಿಯುತ್ತದೆ. ನಮ್ಮ ಕೆಳಗಿನ ಮನೆಯ ಅಜ್ಜಿಗೆ ಸಂಜೆ ಆರರಿಂದ ಏಳರವರೆಗೆ ಧಾರಾವಾಹಿ. ಆ ಹೊತ್ತು ನಾನು ಎಷ್ಟು ಬಾರಿಸಿದರೂ ಅವರ ಟಿವಿಯೇ ಜೋರು.